ಖಾವ್ ಸೋಯ್ ಹುಡುಕಿದ ಶುಕ್ರವಾರಗಳು

ಕುವೈತಿನ ತೊಂಬತ್ತನೇ ಇಸವಿ ಅಂದ ಕೂಡಲೇ ಜನ ಇರಾಕ್ ಸೈನ್ಯ ನುಗ್ಗಿದ ಆಗಸ್ಟ್ ತಿಂಗಳ ಸುದ್ದಿ ಕೇಳುತ್ತಾರೆ. ಆಗಸ್ಟ್‌ನಲ್ಲಿ ನಾನು ಅಲ್ಲಿರಲಿಲ್ಲ. ನನಗೆ ಹೇಳಲಿಕ್ಕಿರುವುದು ಅದೇ ವರ್ಷದ ಫೆಬ್ರವರಿ, ಮಾರ್ಚ್ ತಿಂಗಳ ಮಾತು. ಆಗ ನನಗೆ ಇಪ್ಪತ್ತಮೂರು ವರ್ಷ. ಮದುವೆಯಾಗಿ ನಾಲ್ಕು ತಿಂಗಳು. ನಗು ಬಂದರೆ ನಿಲ್ಲುತ್ತಿರಲಿಲ್ಲ, ಹಸಿವಾದರೆ ತಡೆಯುತ್ತಿರಲಿಲ್ಲ. ಆ ಎರಡು ತಿಂಗಳು ನಾನೂ ನನ್ನ ಗಂಡನೂ ಒಂದು ಬಟ್ಟಲು ಸಾರಿಗಾಗಿ ಕುವೈತಿನ ಉದ್ದಗಲಕ್ಕೆ ಕಾರು ಓಡಿಸಿದೆವು.

ನಮ್ಮ ಊರು ಉಡುಪಿಯ ಹತ್ತಿರ, ಕಡಲ ಬದಿ. ಗಂಡ ಕುವೈತಿನ ರಾಯ್ ಎಂಬಲ್ಲಿ ಲಾರಿಗಳ ಸ್ಪೇರ್ ಪಾರ್ಟ್ಸ್ ಮಾರುವ ಒಂದು ಅಂಗಡಿಯ ಕೌಂಟರಿನಲ್ಲಿದ್ದರು. ಮನೆ ಅಬು ಹಲೀಫಾದಲ್ಲಿ, ಮೂರನೇ ಮಾಳಿಗೆ. ಅಡುಗೆಮನೆಯ ಕಿಟಕಿಯಿಂದ ಎರಡು ಕಟ್ಟಡಗಳ ಸಂದಿಯಲ್ಲಿ ಒಂದು ಸೀರೆಯ ಅಗಲದಷ್ಟು ಸಮುದ್ರ ಕಾಣುತ್ತಿತ್ತು. ಎದುರು ಬಾಗಿಲಿನಲ್ಲಿ ಧಾರವಾಡದ ಕಡೆಯ ಗಂಡ ಹೆಂಡತಿ. ಆಕೆ ನನಗಿಂತ ಹದಿನೈದು ವರ್ಷ ದೊಡ್ಡವರು, ಹಾಗಾಗಿ ಬಂದ ಮೊದಲ ದಿನದಿಂದಲೇ ಅಕ್ಕ ಎಂದು ಕರೆದೆ. ಶುದ್ಧ ಸಸ್ಯಾಹಾರಿಗಳು. ನಾನು ಮೀನು ಹುರಿಯುವ ದಿನ ಅವರು ತಮ್ಮ ಬಾಗಿಲಿನ ಕೆಳಗೆ ಒದ್ದೆ ಟವೆಲ್ ಮಡಿಸಿಡುತ್ತಿದ್ದರು. ಆದರೆ ಸಂಜೆ ಚಹಾಕ್ಕೆ ತಪ್ಪದೆ ಕರೆಯುತ್ತಿದ್ದರು.

ನಾನು ಮನೆಯಲ್ಲಿ ಕೂರಲಾರದೆ ಒಂದು ಲೇಡೀಸ್ ಟೈಲರ್ ಅಂಗಡಿಯಲ್ಲಿ ಕೈಹೊಲಿಗೆಯ ಕೆಲಸಕ್ಕೆ ಸೇರಿದೆ. ಹುಕ್ಕು ಹಾಕುವುದು, ಅಂಚು ಮಡಿಸುವುದು, ಹೀಗೆ. ನನ್ನ ಪಕ್ಕದ ಸ್ಟೂಲಿನಲ್ಲಿ ಮಣಿಕೆಲಸ ಮಾಡುವ ಥಾಯ್ ಹೆಂಗಸು ಇದ್ದಳು. ವಯಸ್ಸು ನಲವತ್ತರ ಆಚೆ. ಮದುವೆಯ ಗೌನಿನ ಎದೆಯ ಮೇಲೆ ಒಂದೊಂದೇ ಮುತ್ತು ಕೂರಿಸುವಾಗ ಉಸಿರು ಬಿಗಿಹಿಡಿದು, ಮುಗಿದ ಮೇಲೆ ದೊಡ್ಡದಾಗಿ ಬಿಡುತ್ತಿದ್ದಳು. ನಮ್ಮಿಬ್ಬರ ನಡುವೆ ಇದ್ದ ಭಾಷೆ ನಾಲ್ಕು ಇಂಗ್ಲಿಷ್ ಪದ, ನಾಲ್ಕು ಅರಬಿ ಪದ, ಉಳಿದದ್ದು ಕೈ ಮತ್ತು ಹುಬ್ಬು.

ಫೆಬ್ರವರಿಯ ಮೊದಲ ವಾರದ ಒಂದು ಮಧ್ಯಾಹ್ನ ಅವಳು ಬುತ್ತಿಯ ಮುಚ್ಚಳ ತೆಗೆದಳು. ತೆಂಗಿನಹಾಲು, ಅರಸಿನ, ಹುರಿದ ಕೊತ್ತಂಬರಿ, ಒಣಮೆಣಸು. ನನ್ನ ಕೈಯಲ್ಲಿದ್ದ ಸೂಜಿ ಹಾಗೇ ನಿಂತಿತು. ನಾನು ಅವಳ ಬುತ್ತಿಯನ್ನು ಎಷ್ಟು ಹೊತ್ತು ನೋಡಿದೆನೋ ಏನೋ, ಅವಳು ಚಮಚ ನನ್ನ ಕೈಗೇ ಕೊಟ್ಟಳು.

"ಈಟ್," ಎಂದಳು.

ಹಳದಿ ಸಾರು. ಅದರೊಳಗೆ ಕೋಳಿ, ಮೆತ್ತಗಿನ ಮೊಟ್ಟೆ ನೂಡಲ್ಸ್. ಮೇಲಿನಿಂದ ಬೇರೆಯೇ ಒಂದು ಪೊಟ್ಟಣ ಬಿಚ್ಚಿ ಎಣ್ಣೆಯಲ್ಲಿ ಕರಿದ ಅದೇ ನೂಡಲ್ಸನ್ನು ಹಿಡಿಯಷ್ಟು ಉದುರಿಸಿದಳು. ನಾನು ಬಾಯಿಗಿಟ್ಟೆ. ಕರಿದದ್ದು ಅರ್ಧ ಗರಿಗರಿ, ಅರ್ಧ ಸಾರಿನಲ್ಲಿ ನೆನೆದು ಮೆದುವಾಗಿತ್ತು. ಹಲ್ಲಿಗೆ ಒಂದು ಕಡೆ ಕರುಂ ಎನ್ನುತ್ತದೆ, ಇನ್ನೊಂದು ಕಡೆ ತೆಂಗಿನಹಾಲು ಇಳಿಯುತ್ತದೆ. ಇದು ನಮ್ಮ ಕೋರಿ ರೊಟ್ಟಿ. ಗರಿಗರಿ ಅಕ್ಕಿ ರೊಟ್ಟಿಯ ಮೇಲೆ ಕೋಳಿಯ ಗಸಿ ಸುರಿದು, ಅದು ಪೂರ್ತಿ ಮೆತ್ತಗಾಗುವ ಮೊದಲೇ ತಿನ್ನುವ ನಮ್ಮ ಭಾನುವಾರದ ಊಟ. ಅದನ್ನೇ ಯಾರೋ ಬಹಳ ದೂರ ಕೊಂಡೊಯ್ದು, ದಾರಿಯಲ್ಲಿ ನಿಂಬೆಹುಳಿ ಹಿಂಡಿ, ವೇಷ ಬದಲಿಸಿ ನನ್ನ ಮುಂದೆ ತಂದು ಕೂರಿಸಿದ ಹಾಗಿತ್ತು. ನನಗೆ ನಗು ಬಂತು, ನಗುವಾಗಲೇ ಕಣ್ಣಲ್ಲಿ ನೀರೂ ಬಂತು. ಅವಳು ಖಾರ ಹೆಚ್ಚಾಯಿತೆಂದು ತಿಳಿದು ನೀರಿನ ಬಾಟಲಿ ಕೊಟ್ಟಳು.

ಹೆಸರು ಕೇಳಿದೆ. "ಖಾವ್ ಸೋಯ್," ಎಂದಳು. ಅವಳ ಊರು ಥಾಯ್‌ಲ್ಯಾಂಡಿನ ಉತ್ತರದ ಗುಡ್ಡಗಳ ಕಡೆ, ಇದು ಅಲ್ಲಿಯದು ಎಂದು ಕೈಯಿಂದ ಗುಡ್ಡ ಬರೆದು ತೋರಿಸಿದಳು. ನಾನು ಹೆಬ್ಬೆರಳು ಎತ್ತಿ ಬಹಳ ಚೆನ್ನಾಗಿದೆ ಎಂದರೆ ಅವಳು ಮೂಗು ಮುರಿದಳು.

"ದಿಸ್, ನೋ ಗುಡ್. ಮೈ ಕುಕ್, ನೋ ಗುಡ್. ಗುಡ್ ಒನ್, ಅರ್ದಿಯಾ. ಫ್ರೈಡೇ."

ಅರ್ದಿಯಾದಲ್ಲಿ ಎಲ್ಲಿ, ಯಾರ ಹತ್ತಿರ ಎಂದು ಕೇಳುವಷ್ಟರಲ್ಲಿ ಅಂಗಡಿಯ ಯಜಮಾನಿ ಒಳಗೆ ಬಂದು "ಯಲ್ಲಾ, ಯಲ್ಲಾ" ಎಂದು ಅವಸರಪಡಿಸಿ ಚಪ್ಪಾಳೆ ತಟ್ಟಿದಳು. ನಾಳೆ ಕೇಳಿದರಾಯಿತು ಅಂದುಕೊಂಡೆ. ಮರುದಿನ ಬಂದರೆ ಪಕ್ಕದ ಸ್ಟೂಲು ಖಾಲಿ. ರಮದಾನ್ ಹತ್ತಿರ ಬಂದರೆ ಹಬ್ಬದ ಹೊಲಿಗೆ ತಲೆಯ ಮೇಲೆ ಬೀಳುತ್ತದೆ, ಅದಕ್ಕೆ ಮೊದಲೇ ಐದು ವಾರದ ರಜೆಗೆ ಊರಿಗೆ ಕಳುಹಿಸಿದ್ದೇನೆ ಎಂದಳು ಯಜಮಾನಿ.

ನನ್ನ ಕೈಯಲ್ಲಿ ಉಳಿದದ್ದು ಎರಡು ಪದ. ಅರ್ದಿಯಾ ಮತ್ತು ಶುಕ್ರವಾರ.

ಆ ರಾತ್ರಿ ಗಂಡನಿಗೆ ಹೇಳಿದೆ. ಮನೆಯಲ್ಲಿ ನಾವು ಮಾತಾಡುವುದು ತುಳು, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಅವರು ಎಲ್ಲ ಕೇಳಿ, "ಕೋರಿ ರೊಟ್ಟಿ ತಿನ್ನಬೇಕು ಅಂತ ಆಸೆಯಾದರೆ ಕೋರಿ ರೊಟ್ಟಿಯನ್ನೇ ಮಾಡು ಮಾರಾಯ್ತಿ. ಊರಿಂದ ತಂದ ರೊಟ್ಟಿ ಉಂಟಲ್ಲ," ಎಂದರು.

"ಅದು ಬೇರೆ, ಇದು ಬೇರೆ," ಎಂದೆ.

"ಈಗ ಒಂದೇ ಅಂತ ಹೇಳಿದ್ದು ನೀನೇ ಅಲ್ವಾ?"

"ಒಂದೇ. ಆದ್ರೆ ಬೇರೆ."

ಹೊಸ ಮದುವೆ. ಅವರು ವಾದಕ್ಕೆ ನಿಲ್ಲಲಿಲ್ಲ.

ಅಕ್ಕನ ಹತ್ತಿರವೂ ಹೇಳಿದೆ. ಅವರು ಚಹಾ ಸೋಸುತ್ತಾ ಕಿವಿ ಈ ಕಡೆ ಕೊಟ್ಟಿದ್ದರು.

"ಏನಂದಿ ತಂಗಿ, ಸೋರಿಕಾಯಿ ಸಾರೇನ?"

"ಖಾವ್ ಸೋಯ್ ಅಕ್ಕಾ."

"ಅದ ಅಂದೆ. ಸೋರಿಕಾಯಿ ಸಾರಿಗೆ ಅರ್ದಿಯಾ ತನಕ ಯಾಕ ಹೋಗ್ತಿ? ನಾಳೆ ನಾನ ಮಾಡಿ ಕೊಡ್ತೇನಿ."

ಮಾರನೇ ದಿನ ನಿಜಕ್ಕೂ ಒಂದು ಪಾತ್ರೆ ಸೋರೆಕಾಯಿ ಸಾರು ಬಂತು. ಬಹಳ ರುಚಿಯಾಗಿತ್ತು. ನಾವಿಬ್ಬರೂ ಉಂಡು, ತೊಳೆದ ಪಾತ್ರೆಯಲ್ಲಿ ಸ್ವಲ್ಪ ಸಕ್ಕರೆ ಹಾಕಿ ಹಿಂದಿರುಗಿಸಿದೆವು.

ಮೊದಲ ಶುಕ್ರವಾರ ಗಂಡ ತಮ್ಮದೇ ಒಂದು ಸುಲಭದ ದಾರಿ ಹಿಡಿದರು. ಪಟ್ಟಣದ ಒಂದು ಹೋಟೆಲಿನ ಮುಂದೆ 'ಓರಿಯೆಂಟಲ್' ಎಂಬ ಬೋರ್ಡು ನೋಡಿದ್ದರಂತೆ. ಥಾಯ್ ಅಂದರೂ ಓರಿಯೆಂಟಲ್ಲೇ ಅಲ್ಲವೇ ಎಂಬ ಲೆಕ್ಕ. ಇಸ್ತ್ರಿ ಮಾಡಿದ ಅಂಗಿ, ನನಗೆ ಮದುವೆಯ ಎರಡನೇ ಸೀರೆ. ವೇಟರ್ ಬೆಳ್ಳಿಯಂತೆ ಹೊಳೆಯುವ ಮುಚ್ಚಳ ಎತ್ತಿದ. ಒಳಗೆ ಟೊಮೇಟೊ ಸಾಸಿನಲ್ಲಿ ಮಿಂದ ಕೆಂಪು ನೂಡಲ್ಸ್, ಮೇಲೊಂದು ಅನಾನಸಿನ ಬಿಲ್ಲೆ. ಗಂಡ ನನ್ನ ಮುಖ ನೋಡಿದರು, ನಾನು ಅನಾನಸ್ ನೋಡಿದೆ. ನಗು ತಡೆಯಲಾಗದೆ ನ್ಯಾಪ್ಕಿನ್ನಿನೊಳಗೆ ಮುಖ ಹುದುಗಿಸಿದೆ. ವೇಟರಿಗೆ ಗಾಬರಿಯಾಗಿ, "ಎನಿಥಿಂಗ್ ರಾಂಗ್ ಮೇಡಂ?" ಎಂದು ಕೇಳಿದ. "ಅವಳಿಗೆ ಅನಾನಸ್ ಅಂದರೆ ತುಂಬಾ ಇಷ್ಟ," ಎಂದು ಗಂಡ ಗಂಭೀರವಾಗಿ ಹೇಳಿದರು. ಅವನು ಒಳಗೆ ಹೋಗಿ ಇನ್ನೂ ಎರಡು ಬಿಲ್ಲೆ ತಂದಿಟ್ಟ.

ಎರಡನೇ ಶುಕ್ರವಾರ ಅರ್ದಿಯಾಕ್ಕೇ ಹೊರಟೆವು. ನಮ್ಮದೊಂದು ಹಳೆಯ ಜಪಾನಿ ಕಾರು. ಎಡಗಡೆಯ ಹಿಂದಿನ ಬಾಗಿಲು ತೆರೆಯುತ್ತಿರಲಿಲ್ಲ, ಹೀಟರ್ ಆಫ್ ಆಗುತ್ತಿರಲಿಲ್ಲ. ಅರ್ದಿಯಾದ ಆ ಭಾಗದಲ್ಲಿ ಗೋದಾಮುಗಳು, ತಗಡಿನ ಶೆಡ್ಡುಗಳು, ಅವುಗಳ ಹಿಂದೆ ಕೆಲಸಗಾರರು ಇರುವ ಕ್ಯಾಂಪುಗಳು. ಶುಕ್ರವಾರ ವಾರದ ರಜೆಯಾದ್ದರಿಂದ ಎಲ್ಲ ಗೇಟುಗಳ ಮುಂದೆ ಜನ ಕೂತು ಬಿಸಿಲು ಕಾಯುತ್ತಿದ್ದರು. ಹಗ್ಗದ ತುಂಬಾ ಒಗೆದ ಬಟ್ಟೆ. ಮೊದಲನೇ ಗೇಟಿನಲ್ಲಿ ಒಬ್ಬ ಪಠಾಣ ವಾಚ್‌ಮ್ಯಾನ್ ಇದ್ದ. ಗಂಡ ಕಿಟಕಿಯ ಗಾಜು ಇಳಿಸಿ ಕೇಳಿದರು.

"ಭಾಯಿ, ಇಧರ್ ಥಾಯ್ ಹೈ?"

ಅವನ ಮುಖ ಅರಳಿತು. "ಹೈ, ಹೈ. ಆಯಿಯೇ," ಎಂದು ಒಳಗೆ ಓಡಿದ. ನಾವು ಇಷ್ಟು ಬೇಗ ಸಿಕ್ಕಿತಲ್ಲ ಎಂದು ಕಾರಿನಿಂದ ಇಳಿಯುವಷ್ಟರಲ್ಲಿ ಎರಡು ಲೋಟ ಚಹಾ ಹಿಡಿದುಕೊಂಡು ಬಂದ. ಥಾಯ್ ಅವನಿಗೆ ಚಾಯ್ ಎಂದು ಕೇಳಿಸಿತ್ತು. ಇಷ್ಟು ಪ್ರೀತಿಯಿಂದ ತಂದದ್ದನ್ನು ಬೇಡವೆನ್ನಲಾಗದೆ ಕುಡಿದೆವು. ಎರಡನೇ ಗೇಟಿನಲ್ಲಿ ಗಂಡ ನಿಧಾನವಾಗಿ, ಒತ್ತಿ ಒತ್ತಿ "ಥಾಯ್" ಎಂದರು. ಅಲ್ಲಿದ್ದವರು ಒತ್ತಿ ಹೇಳಿದ್ದಕ್ಕೆ ಇನ್ನೂ ಸ್ಟ್ರಾಂಗ್ ಚಹಾ ತಂದರು. ಮೂರನೇ ಕಡೆ ನಾನೇ ಕೇಳಿದೆ, ಹೆಂಗಸು ಕೇಳಿದಳೆಂದು ಏಲಕ್ಕಿ ಹಾಕಿ ತಂದರು, ಜೊತೆಗೆ ಬಿಸ್ಕತ್ತು. ನಾಲ್ಕನೇ ಗೇಟಿನಲ್ಲಿ ಏನನ್ನೂ ಕೇಳುವ ಮೊದಲೇ ಒಬ್ಬರು ಲೋಟ ಎತ್ತಿ ತೋರಿಸಿದರು. ಮೂರನೇ ಗೇಟಿನವರು ಅಲ್ಲಿಗೆ ಸುದ್ದಿ ಮುಟ್ಟಿಸಿದ್ದರು.

ನಾಲ್ಕು ಲೋಟ ಚಹಾ ಕುಡಿದ ಮೇಲೆ ನನಗೆ ಬೇರೊಂದು ತುರ್ತು ಎದುರಾಯಿತು. ಗಂಡಸರೇ ಇರುವ ಆ ಕ್ಯಾಂಪುಗಳಲ್ಲಿ ಹೆಂಗಸು ಎಲ್ಲಿಗೆ ಹೋಗುವುದು?

"ಮನೆಗೆ ಹೋಗುವ," ಎಂದೆ.

"ಈಗಷ್ಟೇ ಬಂದದ್ದು. ಇನ್ನೊಂದು ಗೇಟು ನೋಡುವ."

"ಮನೆಗೆ ಹೋಗುವ ಅಂದೆ."

ನನ್ನ ದನಿಯಲ್ಲಿ ಅವರಿಗೆ ಎಲ್ಲ ಅರ್ಥವಾಯಿತು. ಅರ್ದಿಯಾದಿಂದ ಅಬು ಹಲೀಫಾವರೆಗೆ ಅಷ್ಟು ವೇಗವಾಗಿ ಆ ಕಾರು ಅದಕ್ಕೆ ಮೊದಲು ಓಡಿರಲಿಲ್ಲ, ಆಮೇಲೂ ಓಡಲಿಲ್ಲ. ಹೀಟರ್ ಉರಿಯುತ್ತಿತ್ತು. ಗಂಡ ನಡುವೆ ಒಮ್ಮೆ ಗಂಭೀರವಾಗಿ "ಥಾಯ್?" ಎಂದರು. ನಗಿಸಬೇಡಿ ಎಂದು ನಾನು ಕೈ ಮುಗಿದೆ. ಲಿಫ್ಟ್ ಕೆಟ್ಟಿತ್ತು. ಮೂರು ಮಾಳಿಗೆ ಹತ್ತಿದಾಗ ಕಂಡದ್ದು ಅಕ್ಕನ ಮನೆಯ ತೆರೆದ ಬಾಗಿಲು. ಸೀದಾ ಅಲ್ಲಿಗೇ ನುಗ್ಗಿದೆ. ಹೊರಗೆ ಬಂದಾಗ ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದರು.

"ಸಾರು ಸಿಕ್ತೇನವಾ?" ಎಂದರು.

ಮೂರನೇ ಶುಕ್ರವಾರ ಚಹಾದ ಗೊಂದಲಕ್ಕೆ ಎಡೆ ಕೊಡದೆ 'ಥಾಯ್‌ಲ್ಯಾಂಡ್' ಎಂದೇ ಕೇಳುವುದೆಂದು ತೀರ್ಮಾನಿಸಿದೆವು. ಆದರೆ ಅದರ ಅಗತ್ಯ ಬೀಳಲಿಲ್ಲ. ಹಿಂದಿನ ವಾರ ನೋಡದೆ ಬಿಟ್ಟಿದ್ದ ಗೋದಾಮುಗಳ ಸಾಲಿಗೆ ತಿರುಗಿದಾಗ ಒಂದು ತಗಡಿನ ಮೆಸ್ಸಿನ ಮುಂದೆ, ಚೌಕುಳಿ ಲುಂಗಿ ಉಟ್ಟ ಒಬ್ಬರು ದೊಡ್ಡ ಬಾಣಲೆ ತಿಕ್ಕುತ್ತಾ, ಯಾರಿಗೋ ತುಳುವಿನಲ್ಲಿ ಬೈಯುತ್ತಿದ್ದರು. ಗಂಡ ಬ್ರೇಕ್ ಹಾಕಿದರು. ಮಂಗಳೂರಿನ ಕಡೆಯ ಬ್ಯಾರಿ ಮುಸಲ್ಮಾನರು. ಐವತ್ತು ದಾಟಿದ ವಯಸ್ಸು. ಇನ್ನೂರು ಜನರ ಮೆಸ್ಸಿಗೆ ಅವರೇ ಬಾಣಸಿಗರು. ಊರ ಮಾತು ಕಿವಿಗೆ ಬಿದ್ದದ್ದೇ ಬಾಣಲೆ ಬಿಟ್ಟು ಎದ್ದು ಬಂದರು. ಗಂಡ ಅವರನ್ನು ಕಾಕ ಎಂದು ಕರೆದು ವಿಷಯ ಹೇಳಿದರು.

"ನೂಡಲ್ಸಿನ ಸಾರಾ?" ಕಾಕ ನಮ್ಮಿಬ್ಬರನ್ನೂ ನೋಡಿದರು. "ಅದಕ್ಕೆ ಅಬು ಹಲೀಫಾದಿಂದ ಬಂದದ್ದಾ ನೀವು?"

"ಮೂರನೇ ಸಲ ಹೊರಟದ್ದು ಕಾಕ," ಎಂದೆ ನಾನು ಕಾರಿನೊಳಗಿಂದ.

"ಅಲ್ಲ ತಂಗಿ, ಮೊದಲನೇ ಸಲವೇ ನನ್ನನ್ನು ಕೇಳಿದರೆ ಆಗುತ್ತಿರಲಿಲ್ಲವಾ?"

ನಮಗೆ ಕಾಕ ಇದ್ದಾರೆಂದೇ ಗೊತ್ತಿರಲಿಲ್ಲ ಎಂಬುದು ಅವರಿಗೆ ಸರಿಯಾದ ಕಾರಣವಾಗಿ ಕಾಣಲಿಲ್ಲ. ಪಕ್ಕದ ಕಾಂಪೌಂಡಿನಲ್ಲಿ ಥಾಯ್ ವೆಲ್ಡರುಗಳು ಇದ್ದಾರೆ, ಅವರಲ್ಲಿ ಒಬ್ಬ ಶುಕ್ರವಾರ ಮಾತ್ರ ತನ್ನವರಿಗೆಲ್ಲ ಇದನ್ನು ಮಾಡುತ್ತಾನೆ, ತೆಂಗಿನಹಾಲು ಸಾಲದೆ ಬಂದರೆ ನನ್ನ ಹತ್ತಿರವೇ ಇಸಿದುಕೊಂಡು ಹೋಗುತ್ತಾನೆ ಎಂದರು. ಹೆಂಗಸರನ್ನು ಕ್ಯಾಂಪಿನ ಒಳಗೆ ಬಿಡುವುದಿಲ್ಲ, ನೀವು ಇಲ್ಲೇ ಇರಿ ಎಂದು ಹೇಳಿ ಗೋಡೆಯ ಹತ್ತಿರ ಹೋಗಿ ಆಚೆಗೆ ಒಂದು ಕೂಗು ಹಾಕಿದರು. ಐದು ನಿಮಿಷದಲ್ಲಿ ಆ ಕಡೆಯ ಗೇಟಿನಿಂದ ಇನ್ನೊಬ್ಬ ಗಟ್ಟಿಮುಟ್ಟಾದ ಕುಳ್ಳ ಮನುಷ್ಯ ಬಂದ. ಅವನ ಸೊಂಟದಲ್ಲೂ ಚೌಕುಳಿ ಬಟ್ಟೆ. ಇಬ್ಬರೂ ಬೆನ್ನು ತಿರುಗಿಸಿ ನಿಂತರೆ ಕಾಕ ಯಾರು, ಥಾಯ್ ಯಾರು ಎಂದು ಹೇಳುವ ಹಾಗಿರಲಿಲ್ಲ.

ಅವನ ಕೈಯಲ್ಲಿ ಹಿಡಿಕೆಯ ದೊಡ್ಡ ಪಾತ್ರೆ. ಇಡಲಿಕ್ಕೆ ಜಾಗ ಕಾಣದೆ ನಮ್ಮ ಕಾರಿನ ಬಾನೆಟ್ಟಿನ ಮೇಲೆಯೇ ಇಟ್ಟ. ಕಾಕ ಒಳಗಿನಿಂದ ಸ್ಟೀಲ್ ಬಟ್ಟಲು ತಂದರು. ಇನ್ನಿಬ್ಬರು ಥಾಯ್‌ಗಳು ಉಪ್ಪಿನಲ್ಲಿ ಹುಳಿ ಬರಿಸಿದ ಸಾಸಿವೆ ಸೊಪ್ಪು, ಹೆಚ್ಚಿದ ಸಣ್ಣ ಈರುಳ್ಳಿ, ನಿಂಬೆಯ ಹೋಳು, ಎಣ್ಣೆಯಲ್ಲಿ ಕರ್ರಗೆ ಹುರಿದ ಮೆಣಸಿನ ಪುಡಿ ಎಲ್ಲ ತಂದು ಸಾಲಾಗಿ ಬಾನೆಟ್ಟಿನ ಮೇಲೆ ಜೋಡಿಸಿದರು. ಕಡೆಗೆ ಪೇಪರಿನಲ್ಲಿ ಸುತ್ತಿದ ಕರಿದ ನೂಡಲ್ಸ್ ಬಂತು. ಎಂಜಿನ್ನಿನ ಬಿಸಿಗೆ ಸಾರು ಆರಲೇ ಇಲ್ಲ.

ಮಣಿಕೆಲಸದ ಹೆಂಗಸು ಹೇಳಿದ್ದು ನಿಜ. ಅವಳ ಬುತ್ತಿಯದ್ದು ಇದರ ಹತ್ತಿರ ಬರುವಂಥದ್ದಲ್ಲ. ಸಾರಿನ ಮೇಲೆ ಕೆಂಪೆಣ್ಣೆ ತೇಲುತ್ತಿತ್ತು. ಕೋಳಿಯ ತೊಡೆ ಚಮಚ ಸೋಕಿದರೆ ಎಲುಬಿನಿಂದ ಜಾರುತ್ತಿತ್ತು. ತೆಂಗಿನಹಾಲು ದಪ್ಪವಾಯಿತು ಅನ್ನುವಷ್ಟರಲ್ಲಿ ನಿಂಬೆ ಬರುತ್ತಿತ್ತು, ಹುಳಿಯಾಯಿತು ಅನ್ನುವಷ್ಟರಲ್ಲಿ ಸೊಪ್ಪಿನ ಉಪ್ಪು. ಕಾರಿಗೆ ಒರಗಿ ನಿಂತು ತಿನ್ನುತ್ತಿದ್ದ ನನಗೆ ಮದುವೆಯ ಊಟದ ಪಂಕ್ತಿಯಲ್ಲೂ ಅಷ್ಟು ಖುಷಿಯಾಗಿರಲಿಲ್ಲ. ಗಂಡನನ್ನು ನೋಡಿದೆ. ಅವರು ಬಟ್ಟಲು ಎರಡನೇ ಸಲ ಮುಂದೆ ಹಿಡಿದಿದ್ದರು.

"ಝೇನ್?" ಎಂದು ಕೇಳಿದ ಅಡುಗೆಯವ. ಚೆನ್ನಾಗಿದೆಯಾ ಎಂದು ಅರಬಿಯಲ್ಲಿ.

"ಝೇನ್, ಝೇನ್," ಎಂದೆವು ಇಬ್ಬರೂ, ಬಾಯಿ ತುಂಬಿಕೊಂಡು.

ಅವನಿಗೆ ಕೋರಿ ರೊಟ್ಟಿಯ ಬಗ್ಗೆ ಹೇಳದೆ ಇರಲು ನನ್ನಿಂದಾಗಲಿಲ್ಲ. ಕೋಳಿ ಎನ್ನಲು ರೆಕ್ಕೆ ಬಡಿದೆ, ತೆಂಗಿನಕಾಯಿ ಎನ್ನಲು ತುರಿಯುವ ಹಾಗೆ ಮಾಡಿದೆ, ರೊಟ್ಟಿ ಮುರಿಯುವ ಸದ್ದು ಬಾಯಲ್ಲೇ ಹೊರಡಿಸಿದೆ. ಗೇಟಿನ ಬಳಿ ಸೇರಿದ್ದ ಹತ್ತಿಪ್ಪತ್ತು ಮಂದಿ ಇದನ್ನು ಬಹಳ ಲಕ್ಷ್ಯಕೊಟ್ಟು ನೋಡಿದರು. ಕಾಕ ನಡುವೆ ಬಂದು ಕೆಲಸದ ಅರಬಿಯಲ್ಲಿ ಒಂದೇ ಮಾತಿನಲ್ಲಿ ವಿಷಯ ಮುಗಿಸಿದರು. ಅಡುಗೆಯವ ತಲೆಯಾಡಿಸಿ ಏನೋ ಹೇಳಿದ.

"ಎಂತ ಹೇಳ್ತಾನೆ ಕಾಕ?"

"ತಿಂದು ನೋಡದೆ ನಂಬುವುದಿಲ್ಲ ಹೇಳ್ತಾನೆ," ಎಂದರು ಕಾಕ.

ಹೀಗೆ ಮಾರ್ಚ್‌ನ ಮಧ್ಯದ ಒಂದು ಶುಕ್ರವಾರ, ಉಪವಾಸದ ತಿಂಗಳು ಶುರುವಾಗುವುದಕ್ಕೆ ಮೊದಲು, ನಮ್ಮ ಮನೆಯಲ್ಲಿ ಊಟ ಎಂದು ಗೊತ್ತಾಯಿತು. ಅಷ್ಟರಲ್ಲಿ ಮಣಿಕೆಲಸದ ಹೆಂಗಸು ರಜೆ ಮುಗಿಸಿ ಬಂದಿದ್ದಳು. ನಾನು ಅರ್ದಿಯಾದಲ್ಲಿ ಖಾವ್ ಸೋಯ್ ತಿಂದೆ ಎಂದಾಗ ನಂಬದೆ, ಬಾನೆಟ್ಟಿನ ಸಂಗತಿ ತಿಳಿದ ಮೇಲೆ ಸೂಜಿ ಕೆಳಗಿಟ್ಟು ನಕ್ಕಳು. ಅವಳನ್ನೂ ಕರೆದೆ. ಗಂಡ ಬೆಳಿಗ್ಗೆಯೇ ಹೋಗಿ ಅಡುಗೆಯವನನ್ನೂ ಕಾಕನನ್ನೂ ಕಾರಿನಲ್ಲಿ ಹತ್ತಿಸಿಕೊಂಡು ಬಂದರು.

ಅಕ್ಕನಿಗೆ ಹಿಂದಿನ ದಿನವೇ ಹೇಳಿದ್ದೆ, ನಾಳೆ ಇಡೀ ಮಾಳಿಗೆ ಕೋಳಿ ವಾಸನೆ ಬರಬಹುದು, ಬೇಜಾರು ಮಾಡಿಕೊಳ್ಳಬೇಡಿ ಎಂದು.

"ಐದಾರು ವಾರದಿಂದ ಆ ಸಾರಿನ ಪುರಾಣ ಕೇಳೇನಿ. ನನಗ ಮಾತ್ರ ಇಲ್ಲೇನು?"

"ಅದರಲ್ಲಿ ಕೋಳಿ ಉಂಟು ಅಕ್ಕಾ. ನೂಡಲ್ಸಿನಲ್ಲೂ ಮೊಟ್ಟೆ. ಮೀನಿನ ನೀರು ಬೇರೆ ಹಾಕ್ತಾರೆ."

"ಕೋಳಿ ತಗಿ, ಮೊಟ್ಟಿ ತಗಿ, ಮೀನ ತಗಿ," ಎಂದರು ಅಕ್ಕ. "ಉಳದದ್ದು ಹಾಕಿ ಮಾಡಾಕ ಬರತದೇನ ಕೇಳ ಅವಗ."

ಅಕ್ಕನ ಅಡುಗೆಮನೆಯಲ್ಲಿ, ಅಕ್ಕನ ಪಾತ್ರೆಯಲ್ಲಿ, ಹೊಸ ಸೌಟಿನಿಂದ ಮಾಡುವುದೆಂದು ಒಪ್ಪಂದವಾಯಿತು. ಅಡುಗೆಯವನಿಗೆ ಮಣಿಕೆಲಸದ ಹೆಂಗಸು ಎಲ್ಲ ವಿವರಿಸಿದಳು. ಅವನು ಕೇಳುತ್ತಾ ಕೇಳುತ್ತಾ ಗಂಭೀರನಾದ. ಮೀನಿನ ನೀರು ಇಲ್ಲದಿದ್ದರೆ ಉಪ್ಪು, ಕೋಳಿಯ ಬದಲು ಆಲೂಗಡ್ಡೆ, ಅದೇನೋ ಸರಿ. ಮೊಟ್ಟೆಯಿಲ್ಲದ ನೂಡಲ್ಸಿಗೆ ಎಲ್ಲಿಗೆ ಹೋಗುವುದು? ಆಗ ಅಕ್ಕ ಕಪಾಟು ತೆರೆದು, ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟ ದೊಡ್ಡ ಡಬ್ಬಿ ಇಳಿಸಿದರು. ಅವರ ಅತ್ತೆ ಊರಿನಲ್ಲಿ ಕೈಯಾರೆ ಹೊಸೆದು, ಕೋಲಿನ ಮೇಲೆ ಒಣಗಿಸಿ ಕಳುಹಿಸಿದ ಗೋಧಿ ಶಾವಿಗೆ. ಅಡುಗೆಯವ ಒಂದು ಎಳೆ ತೆಗೆದು ಬೆಳಕಿಗೆ ಹಿಡಿದು ನೋಡಿದ. ಹಲ್ಲಿನಲ್ಲಿ ಕಡಿದ. ಮಣಿಕೆಲಸದವಳನ್ನು ಏನೋ ಕೇಳಿದ.

"ಹೂ ಮೇಕ್?" ಎಂದಳು ಅವಳು.

"ನಮ್ಮತ್ತಿ," ಎಂದರು ಅಕ್ಕ ಕನ್ನಡದಲ್ಲೇ, ಎದೆ ಮುಟ್ಟಿಕೊಂಡು. ಅವನು ಡಬ್ಬಿಗೆ ಕೈ ಮುಗಿದ.

"ಕೈ ತೊಳಕೊ ಮೊದಲ," ಎಂದು ಅಕ್ಕ ನಲ್ಲಿ ತೋರಿಸಿದರು. ತೊಳೆದ. "ಇನ್ನೊಮ್ಮೆ." ಮತ್ತೆ ತೊಳೆದ. ಕಬ್ಬಿಣ ಬೆಸೆಯುವ ಆ ದೊಡ್ಡ ಕೈಗಳನ್ನು ಅಕ್ಕ ತಿರುಗಿಸಿ ನೋಡಿ ಒಳಗೆ ಬಿಟ್ಟರು.

ಆಮೇಲೆ ಎರಡು ಗಂಟೆ ಎದುರುಬದುರು ಬಾಗಿಲುಗಳ ನಡುವೆ ಓಡಾಟವೇ ಓಡಾಟ. ನಮ್ಮ ಮನೆಯಲ್ಲಿ ನಾನು ಗಸಿಗೆ ಮಸಾಲೆ ಹುರಿಯುತ್ತಿದ್ದೆ, ಕಾಕ ಪಕ್ಕದಲ್ಲಿ ನಿಂತು ಮೆಣಸು ಸಾಲದು, ಇನ್ನೂ ನಾಲ್ಕು ಹಾಕು ಎನ್ನುತ್ತಿದ್ದರು. ಇನ್ನೊಂದು ಒಲೆಯಲ್ಲಿ ಅಡುಗೆಯವನ ಕೋಳಿ ಸಾರು ಕುದಿಯುತ್ತಿತ್ತು. ಎದುರು ಮನೆಯಲ್ಲಿ ಶಾವಿಗೆ ಕರಿಯುವ ಸದ್ದು. ಅವನು ಅಲ್ಲಿಂದ ಇಲ್ಲಿಗೆ ಬಂದರೆ ಹಿಂದಿರುಗಿ ಹೋಗುವಾಗ ಅಕ್ಕ ಮತ್ತೆ ಕೈ ತೊಳೆಸುತ್ತಿದ್ದರು. ಏಳೆಂಟು ಸಲ ತೊಳೆದಿರಬೇಕು. ಕೊನೆಕೊನೆಗೆ ಅವನೇ ಬಾಗಿಲಲ್ಲಿ ನಿಂತು ಎರಡೂ ಕೈ ಮುಂದೆ ಚಾಚಿ ತೋರಿಸುತ್ತಿದ್ದ. ಗಂಡನಿಗೆ ಯಾವ ಕೆಲಸವೂ ಕೊಟ್ಟಿರಲಿಲ್ಲ. ಅವರು ಎರಡೂ ಮನೆಗಳ ಬಾಣಲೆಯಿಂದ ಕರಿದದ್ದನ್ನು ಕದ್ದು ತಿನ್ನುತ್ತಿದ್ದರು.

ಊಟಕ್ಕೆ ನಮ್ಮ ಮನೆಯ ನೆಲದ ಮೇಲೆ ಚಾಪೆ ಹಾಸಿದೆವು. ಅಕ್ಕ ತಮ್ಮ ಮನೆಯ ಹೊಸ್ತಿಲಿನ ಒಳಗೆ ಮಣೆ ಹಾಕಿಕೊಂಡು, ಎರಡೂ ಬಾಗಿಲು ತೆರೆದಿಟ್ಟು ನಮಗೆದುರಾಗಿ ಕೂತರು. ಅವರ ಯಜಮಾನರು ಡ್ಯೂಟಿಯಲ್ಲಿದ್ದರು. ಮೊದಲ ತುತ್ತು ಅಕ್ಕನದೇ ಆಗಲಿ ಎಂದು ಎಲ್ಲರೂ ಕಾದೆವು. ಅವರು ಶಾವಿಗೆ ಎತ್ತಿ, ಊದಿ, ಬಾಯಿಗಿಟ್ಟುಕೊಂಡರು. ಅಗಿದರು. ಇನ್ನೊಮ್ಮೆ ತೆಗೆದುಕೊಂಡರು. ಬಟ್ಟಲು ಖಾಲಿ ಮಾಡಿದರು. ಅಡುಗೆಯವ ತನ್ನ ಬಟ್ಟಲು ಮುಟ್ಟದೆ ಅವರ ಮುಖವನ್ನೇ ನೋಡುತ್ತಿದ್ದ.

"ಚಲೋ ಆಗೇದ," ಎಂದರು ಅಕ್ಕ ಕೊನೆಗೆ. "ಸೋರಿಕಾಯಿ ಇದ್ದಿದ್ರ ಇನ್ನೂ ಚಲೋ ಇರತಿತ್ತು."

ನನಗೂ ಗಂಡನಿಗೂ ಒಟ್ಟಿಗೇ ನಗು ಸ್ಫೋಟಿಸಿತು. ಕಾರಣ ತಿಳಿಯದೆಯೇ ಆ ಇಬ್ಬರು ಥಾಯ್‌ಗಳೂ ನಕ್ಕರು. ಕಾಕ ಕೆಮ್ಮುತ್ತಾ ನೀರು ಕುಡಿದರು.

ನನ್ನ ಕೋರಿ ರೊಟ್ಟಿಯ ಸರದಿ ಬಂತು. ಅಡುಗೆಯವ ರೊಟ್ಟಿ ಮುರಿದು ಸದ್ದು ಕೇಳಿಸಿಕೊಂಡ. ಗಸಿ ಸುರಿದೆ. ಅವನು ತಿಂದು, ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿ, ನಂಬಿದೆ ಎನ್ನುವ ಹಾಗೆ ನನ್ನ ಕಡೆ ಬೆರಳು ತೋರಿಸಿದ. ಆಮೇಲೆ ನಾವು ಯಾರೂ ತಡೆಯುವ ಮೊದಲೇ ತನ್ನ ಹುಳಿ ಸೊಪ್ಪನ್ನು ಅದರ ಮೇಲೆ ಹಾಕಿ, ಅರ್ಧ ನಿಂಬೆ ಹಿಂಡಿದ. ಗಂಡ ಕಣ್ಣು ಬಿಟ್ಟು ನೋಡಿದರು. ನಂತರ ಮೆಲ್ಲಗೆ ತಮ್ಮ ತಟ್ಟೆಗೂ ಸ್ವಲ್ಪ ಹಾಕಿಕೊಂಡು ತಿಂದರು. ಇನ್ನೂ ಸ್ವಲ್ಪ ಹಾಕಿಕೊಂಡರು.

"ಇದನ್ನು ಊರಲ್ಲಿ ಯಾರಿಗೂ ಹೇಳಬೇಡ," ಎಂದರು ನನ್ನ ಕಿವಿಯಲ್ಲಿ.

ಮೂರು ಗಂಟೆಯ ಹೊತ್ತಿಗೆ ಸಮುದ್ರದ ದಂಡೆಗೆ ನಡೆದೆವು. ಹೊಟ್ಟೆ ಭಾರವಾಗಿ ಯಾರೂ ನೆಟ್ಟಗೆ ನಡೆಯುತ್ತಿರಲಿಲ್ಲ. ಅಕ್ಕನೂ ಬಂದರು. ಅವರೂ ಮಣಿಕೆಲಸದವಳೂ ಮುಂದೆ ಮುಂದೆ, ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಥಾಯ್ ಭಾಷೆಯಲ್ಲಿ, ಬಿಡುವಿಲ್ಲದೆ ಮಾತಾಡಿಕೊಂಡು ಹೋಗುತ್ತಿದ್ದರು. ಏನು ಮಾತಾಡಿದಿರಿ ಎಂದು ಸಂಜೆ ಕೇಳಿದೆ. "ಆಕಿ ಮಗಳ ಮದುವಿ ವಿಚಾರ," ಎಂದರು ಅಕ್ಕ. ಮರುದಿನ ಅಂಗಡಿಯಲ್ಲಿ ವಿಚಾರಿಸಿದೆ. ಅವಳಿಗೆ ನಿಜಕ್ಕೂ ಒಬ್ಬಳು ಮಗಳಿದ್ದಳು, ರಜೆಯಲ್ಲಿ ಅವಳಿಗೆ ಗಂಡು ನೋಡಿ ಬಂದಿದ್ದಳು.

ಜೂನ್‌ನಲ್ಲಿ ನಾದಿನಿಯ ಮದುವೆಗೆಂದು ನಾವಿಬ್ಬರೂ ಎರಡು ಸೂಟ್‌ಕೇಸ್ ಹಿಡಿದು ಊರಿಗೆ ಬಂದೆವು. ಆಗಸ್ಟ್ ಬಂತು. ಆ ತಿಂಗಳುಗಳಲ್ಲಿ ರೇಡಿಯೋ ಬಿಟ್ಟು ನಾನು ಅಲುಗಲಿಲ್ಲ. ಅಕ್ಕ ಮತ್ತು ಅವರ ಯಜಮಾನರು ಇರಾಕ್, ಜೋರ್ಡಾನ್ ದಾಟಿ ಸೆಪ್ಟೆಂಬರಿನಲ್ಲಿ ಬೊಂಬಾಯಿಗೆ ಬಂದಿಳಿದರು. ಧಾರವಾಡದಿಂದ ಕಾರ್ಡು ಬರೆದರು, ಆರಾಮಾಗಿದ್ದೇವೆ ಎಂದು. ಕಾಕ ಮತ್ತು ಥಾಯ್ ವೆಲ್ಡರುಗಳು ಒಂದೇ ಬಸ್ಸಿನಲ್ಲಿ ಹೊರಟು ಗಡಿಯ ಡೇರೆಗಳಲ್ಲಿ ಬೇರೆಯಾದರೆಂದು ಆಮೇಲೆ ತಿಳಿಯಿತು. ಮಣಿಕೆಲಸದವಳು ಮಗಳ ಮದುವೆಗೆಂದು ಜುಲೈಯಲ್ಲೇ ಊರಿಗೆ ಹೋಗಿದ್ದಳು.

ತೊಂಬತ್ತೊಂದರ ಡಿಸೆಂಬರಿನಲ್ಲಿ ನಾನು ಮತ್ತೆ ಕುವೈತಿಗೆ ಹೋದೆ. ಗಂಡ ಮೂರು ತಿಂಗಳು ಮೊದಲೇ ಹೋಗಿದ್ದರು. ಗೋಡೆಗಳ ಮೇಲೆ ಇನ್ನೂ ಯುದ್ಧದಲ್ಲಿ ಉರಿದ ಎಣ್ಣೆಬಾವಿಗಳ ಮಸಿ. ಆದರೆ ಬದುಕಿ ಬಂದವರು ಒಬ್ಬರನ್ನೊಬ್ಬರು ಕಂಡರೆ ರಸ್ತೆಯಲ್ಲೇ ತಬ್ಬಿಕೊಳ್ಳುತ್ತಿದ್ದ ದಿನಗಳವು. ಕಾಕನೂ ಅರ್ದಿಯಾಕ್ಕೆ ವಾಪಸಾಗಿದ್ದರು. ಪಕ್ಕದ ಕಾಂಪೌಂಡಿಗೆ ಹೊಸದಾಗಿ ಥಾಯ್‌ಗಳು ಬಂದಿದ್ದಾರೆ ಎಂದು ಅವರೇ ಹೇಳಿಕಳುಹಿಸಿದರು. ಮೊದಲ ಶುಕ್ರವಾರವೇ ಕಾರು ಹೊರಟಿತು.

ಹನ್ನೆರಡು ಮಂದಿ. ನಾನು "ಖಾವ್ ಸೋಯ್?" ಎಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರೆಲ್ಲ ಥಾಯ್‌ಲ್ಯಾಂಡಿನ ದಕ್ಷಿಣದ ಕಡಲ ಕರೆಯವರು. ಉತ್ತರದ ಈ ಸಾರನ್ನು ಅವರಲ್ಲಿ ಯಾರೂ ತಿಂದವರಿರಲಿಲ್ಲ.

ನಾನು ಕಾಕನ ಕಡೆ ನೋಡಿದೆ. ಕಾಕ ಮೆಸ್ಸಿನ ಹಿಂಬದಿಯ ತಗಡಿನ ಬಾಗಿಲು ತೆರೆದರು. ಆ ಅಡುಗೆಕೋಣೆ ಕ್ಯಾಂಪಿನ ಹೊರಗೇ ಇತ್ತು, ನಾನು ಒಳಗೆ ಹೋಗಬಹುದಿತ್ತು. ಕೋಳಿ ಇತ್ತು, ಡಬ್ಬಿಯ ತೆಂಗಿನಹಾಲು ಇತ್ತು, ಹೇಗೋ ಒಂದು ಬಗೆಯ ನೂಡಲ್ಸೂ ಇತ್ತು. ಸೀರೆ ಎತ್ತಿ ಕಟ್ಟಿ, ನೋಡಿ ಕಲಿತಷ್ಟನ್ನು ನೆನಪಿಸಿಕೊಂಡು ಮಾಡಿದೆ. ಮರೆತ ಕಡೆ ನಮ್ಮ ಗಸಿಯ ಮಸಾಲೆಯನ್ನೇ ಹಾಕಿದೆ. ಮೇಲೆ ಕರಿದದ್ದನ್ನು ಉದುರಿಸಿ ಹನ್ನೆರಡು ಬಟ್ಟಲು ತುಂಬಿಸಿ ಕಾರಿನ ಬಳಿ ತಂದೆ. ಅವರು ತಿಂದರು. ಅವರಲ್ಲಿ ಹಿರಿಯನಾದವನು ಬಟ್ಟಲು ಕೆಳಗಿಟ್ಟು ಬಾಯಿ ಒರೆಸಿಕೊಂಡ.

"ಗುಡ್. ಇಂಡಿಯಾ ಫುಡ್?"

ನಾನು ಬಾಯಿ ತೆರೆಯುವ ಮೊದಲೇ ಗಂಡ, ಮುಖದ ಒಂದು ಗೆರೆಯೂ ಅಲುಗದಂತೆ, ಹೇಳಿದರು.

"ಯೆಸ್. ಉಡುಪಿ."

ಕಾಕ ಬಾಣಲೆ ತಿಕ್ಕುವ ನೆಪದಲ್ಲಿ ಒಳಗೆ ಹೋದರು. ನಾನು ಕಾರಿನೊಳಗೆ ಕೂತು ಗಾಜು ಏರಿಸಿಕೊಂಡು ನಕ್ಕೆ. ಮುಂದಿನ ವಾರ ಆ ಹಿರಿಯ ಕಾಕನ ಮೂಲಕ ಹೇಳಿಕಳುಹಿಸಿದ, ಉಡುಪಿ ಸೂಪ್ ಇನ್ನೊಮ್ಮೆ ಆಗಬಹುದೇ ಎಂದು. ಈ ಸಲ ಖಾರ ಸ್ವಲ್ಪ ಹೆಚ್ಚಿರಲಿ ಎಂದೂ ಸೇರಿಸಿದ್ದ.